ಅಂಗೈ ನಂಬಿದ ಗಾಡಿ

ಚಳಿ ಹೋಗಿ ಬಿಸಿಲು ಇನ್ನೂ ಬಲಿಯದ ಕಾಲ. ಬೆಳಗ್ಗೆ ಎಂಟಕ್ಕೆ ಹತ್ತು ನಿಮಿಷವಿತ್ತು. ಎದುರಿನ ಔಷಧಿ ಅಂಗಡಿಯವನು ಅರ್ಧ ಬಾಗಿಲು ಮಾತ್ರ ಎತ್ತಿದ್ದ. ನಮ್ಮ ಗಾಡಿಯೊಳಗೆ ಆರು ಹಾಸಿಗೆ ತುಂಬಿ ಆಗಿತ್ತು. ಒಂಬತ್ತರೊಳಗೆ ಅವನ್ನು ಒಂದು ಹಾಸ್ಟೆಲ್ಲಿಗೆ ಮುಟ್ಟಿಸಬೇಕಿತ್ತು.

ನಮ್ಮದು ಹಾಸಿಗೆ ಹೊಲಿಯುವ ಮನೆ. ಕೆಳಗೆ ಅಂಗಡಿ, ಮೇಲೆ ವಾಸ. ನನಗೆ ಎಪ್ಪತ್ತೊಂದು. ಹತ್ತಿ ತುಂಬಿ, ದಬ್ಬಳ ಹಿಡಿದು ಹಾಸಿಗೆಗೆ ಹೊಲಿಗೆ ಹಾಕುವುದು ನನ್ನ ಕೆಲಸ. ಮಗ ಗಾಡಿ ಓಡಿಸುತ್ತಾನೆ. ಸೊಸೆ ಮಷಿನ್ನಿನ ಮೇಲೆ ಗವಸು ಹೊಲಿಯುತ್ತಾಳೆ, ಗಿರಾಕಿಗಳ ಜೊತೆ ಮಾತುಕತೆಯೂ ಅವಳದೇ. ಮೊಮ್ಮಗಳು ಕಾಲೇಜು ಓದುತ್ತಾಳೆ. ಹುಟ್ಟಿದಾಗ ಏನೋ ಹೆಸರಿಟ್ಟಿದ್ದೆವು, ಆದರೆ ಮಾತು ಕಲಿತ ಮೇಲೆ ನಿಲ್ಲಿಸಲೇ ಇಲ್ಲವಾದ್ದರಿಂದ ಎಲ್ಲರಿಗೂ ಅವಳು ಗಿಣಿ. ಇಷ್ಟೂ ಜನರ ಮೇಲೆ ನನ್ನ ಹೆಂಡತಿ.

ಅಂಗಡಿಯ ಪಕ್ಕದಲ್ಲಿ ಗಾಡಿ ಹಿಡಿಸುವಷ್ಟೇ ಅಗಲದ ಒಂದು ಓಣಿ ಇದೆ. ಗಾಡಿಯ ಮೂತಿ ಒಳಗೆ ಹಾಕಿ ನಿಲ್ಲಿಸಿದರೆ ಹಿಂಬಾಗಿಲು ಸರಿಯಾಗಿ ಅಂಗಡಿಯ ಬಾಗಿಲಿಗೆ ಬರುತ್ತದೆ, ಹೊರುವುದು ಸುಲಭ. ಆದರೆ ತುಂಬಿದ ಗಾಡಿ ಹಿಂದುಹಿಂದಕ್ಕೇ ರಸ್ತೆಗೆ ಇಳಿಯಬೇಕು. ಹಾಸಿಗೆ ಅಡ್ಡ ಇರುವುದರಿಂದ ಹಿಂದಿನ ಗಾಜಿನಲ್ಲಿ ಏನೂ ಕಾಣುವುದಿಲ್ಲ. ಗೋಡೆಗೆ ಉಜ್ಜುತ್ತದೆಂದು ಪಕ್ಕದ ಕನ್ನಡಿಗಳನ್ನೂ ಮಡಿಸಿರುತ್ತೇವೆ. ಅದಕ್ಕಾಗಿ ನಾನು ಓಣಿಯ ಬಾಯಲ್ಲಿ ನಿಂತು ಗಾಡಿಯ ಮೈಮೇಲೆ ಅಂಗೈ ಬಡಿಯುತ್ತಿದ್ದೆ. ಬಡಿತ ಕೇಳುವವರೆಗೆ ಬಾ. ನಿಂತರೆ ನಿಲ್ಲು. ಕೈಗಾಡಿಯ ಕಾಲದಲ್ಲಿ ನನ್ನ ಅಪ್ಪ ನನಗೂ ಹೀಗೇ ಬಡಿಯುತ್ತಿದ್ದ.

ಆ ದಿನವೂ ಬಡಿದೆ. ಮುಖ ಅರ್ಧ ಬಲಕ್ಕೆ ತಿರುಗಿಸಿದೆ, ಆಮೇಲೆ ಎಡಕ್ಕೆ. ಅಂಗೈ ಬಡಿಯುತ್ತಲೇ ಇತ್ತು. ಮಗ ಬರುತ್ತಲೇ ಇದ್ದ. ಕಬ್ಬಿಣ ಮುರಿದ ಸದ್ದಾಯಿತು. ತಿರುಗಿ ನೋಡಿದರೆ, ನನ್ನ ಬಲಗಡೆ ಎರಡು ಹೆಜ್ಜೆ ಆಚೆ, ಬೀದಿಗೆ ಅಂಚೆ ಹಂಚುವ ಹೆಂಗಸು ಸೈಕಲ್ ಸಮೇತ ಹಿಂದಿನ ಚಕ್ರದ ಬಳಿ ಬಿದ್ದಿದ್ದಳು. ಹತ್ತೊಂಬತ್ತು ವರ್ಷದಿಂದ ಈ ಬೀದಿಯಲ್ಲಿ ಓಡಾಡಿದವಳು. ನಾವೆಲ್ಲ ಅವಳನ್ನು ಅಂಚೆಯಮ್ಮ ಎನ್ನುತ್ತಿದ್ದೆವು.

ಮಗ ಹಾರಿ ಇಳಿದು ಮೊಣಕಾಲೂರಿ ಕೂತ. "ಅಲ್ಲಾಡ್ಬೇಡಿ ಅಮ್ಮ, ಅಲ್ಲಾಡ್ಬೇಡಿ."

"ನಾನೆಲ್ಲಿ ಅಲ್ಲಾಡ್ಲಿ," ಎಂದಳು ಆಕೆ ಹಲ್ಲು ಕಚ್ಚಿ. "ಕಾಗದ ಗಾಳಿಗೆ ಹೋಗ್ತಿದಾವೆ, ಮೊದಲು ಹಿಡೀರಿ."

ಗಿಣಿ ಚರಂಡಿಯವರೆಗೂ ಓಡಿ ಕಾಗದ ಆರಿಸಿ ತಂದಳು.

ಆಂಬುಲೆನ್ಸ್ ಹೋದ ಮೇಲೆ ಪೊಲೀಸರು ಬಂದರು. ಮಗ ಕೈಕಟ್ಟಿ ನಿಂತ. "ನಾನೇ ಸಾರ್ ಓಡಿಸ್ತಿದ್ದದ್ದು. ನಾನು ನೋಡ್ಲಿಲ್ಲ."

"ಹಿಂದೆ ಯಾರಾದ್ರೂ ನಿಂತು ದಾರಿ ತೋರಿಸ್ತಿದ್ರಾ?"

ಮಗ ನನ್ನ ಕಡೆ ಒಮ್ಮೆ ನೋಡಿದ. "ಇಲ್ಲ ಸಾರ್."

ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ವಿಚಾರಣೆ ಮುಗಿಯುವವರೆಗೆ ಅವನ ಲೈಸೆನ್ಸ್ ಇಟ್ಟುಕೊಂಡರು. ಅಂಚೆಯಮ್ಮನ ಕಾಲು ಎರಡು ಕಡೆ ಮುರಿದಿತ್ತು. ಒಳಗೆ ಕಬ್ಬಿಣದ ಸರಳು ಹಾಕಿದರು.

ಸೊಸೆಯ ಗಿರಾಕಿಗಳಲ್ಲಿ ಒಬ್ಬ ವಕೀಲರಿದ್ದರು. ದಿಂಬಿನ ಗವಸಿನ ಅಳತೆ ಕೊಡಲು ಬಂದವರು ಇಡೀ ಕಥೆ ಕೇಳಿಕೊಂಡು ಹೋದರು. ಆ ರಾತ್ರಿ ಊಟಕ್ಕೆ ಕೂತಾಗ ಸೊಸೆ ಬಡಿಸುತ್ತಲೇ ಮಾತು ತೆಗೆದಳು.

"ಅಂಚೆಯಮ್ಮ ಬೆಲ್ ಮಾಡ್ಲಿಲ್ಲವಂತೆ. ಔಷಧಿ ಅಂಗಡಿಯವನೂ ಕೇಳ್ಲಿಲ್ಲವಂತೆ. ಗಾಡಿ ಹಿಂದಕ್ಕೆ ಬರ್ತಿರೋದು ಕಂಡೂ ಬೆಲ್ ಮಾಡದೆ ನುಗ್ಗಿದ್ದು ಅವಳ ತಪ್ಪು. ಹಾಗೆ ಹೇಳಿದ್ರೆ ಮೂರು ತಿಂಗಳಲ್ಲಿ ಲೈಸೆನ್ಸ್ ವಾಪಸ್ ಅಂದ್ರು ವಕೀಲರು."

"ನುಗ್ಗೋಕೆ ಅವಳೇನು ಲಾರೀನಾ?" ಎಂದಳು ನನ್ನ ಹೆಂಡತಿ.

ಗಿಣಿ ತಾನೂ ಗಾಡಿ ಕಲಿಯಬೇಕೆಂದು ರಸ್ತೆ ನಿಯಮದ ಪುಸ್ತಕ ತಂದಿಟ್ಟುಕೊಂಡಿದ್ದಳು. ತಟ್ಟೆಯ ಪಕ್ಕದಲ್ಲೇ ಬಿಚ್ಚಿದಳು. "ಅಮ್ಮ, ಕೇಳು. ಗಾಡಿ ಹಿಂದಕ್ಕೆ ಬಿಡೋರು ರಸ್ತೇಲಿ ನಡೆಯೋರಿಗೆ, ಸೈಕಲ್ಲಿನವರಿಗೆ, ಎಲ್ಲರಿಗೂ ದಾರಿ ಬಿಟ್ಟುಕೊಡಬೇಕು. ಕಾಣದಿದ್ರೆ ಬಿಡಲೇಬಾರದು. ಬೆಲ್ ವಿಷಯ ಇಲ್ಲಿ ಒಂದಕ್ಷರ ಇಲ್ಲ."

"ಪುಸ್ತಕ ಬರೆದೋನಿಗೆ ಹಾಸಿಗೆ ಮುಟ್ಟಿಸೋ ಕೆಲಸ ಇರ್ಲಿಲ್ಲ ಬಿಡು."

"ನಿನ್ನ ಅಪ್ಪನ್ನೇ ಯಾರಾದ್ರೂ ಹೀಗೆ ಗುದ್ದಿದ್ರೆ?"

"ನನ್ನ ಅಪ್ಪನ ತನಕ ಹೋಗ್ಬೇಡ. ಎಂಜಲು ಕೈ ಒಣಗ್ತಿದೆ, ಊಟ ಮಾಡು."

ಮಗ ತಟ್ಟೆಯಲ್ಲಿದ್ದದ್ದನ್ನು ತಿಂದು, ನನ್ನ ತಟ್ಟೆಯನ್ನೂ ಎತ್ತಿಕೊಂಡು ಹೋಗಿ ತೊಳೆದಿಟ್ಟ.

ಗಾಡಿ ನಿಂತಿತೆಂದು ಹಾಸಿಗೆ ನಿಲ್ಲುವುದಿಲ್ಲವಲ್ಲ. ಉಗ್ರಾಣದಿಂದ ಹಳೆಯ ತಳ್ಳುಗಾಡಿ ಹೊರತೆಗೆದು ಗಾಲಿಗೆ ಎಣ್ಣೆ ಬಿಟ್ಟೆವು. ಅಂದಿನಿಂದ ನಾನೂ ಮಗನೂ ಅದನ್ನೇ ತಳ್ಳಿದೆವು. ಇಪ್ಪತ್ತು ವರ್ಷ ಸ್ಟೀರಿಂಗ್ ಹಿಂದೆ ಕೂತವನು ಮೊದಲ ಎರಡು ವಾರ ರಸ್ತೆಯನ್ನು ಮೊದಲ ಸಲ ಕಂಡವನಂತೆ ಆಡಿದ. ಕಾಲುದಾರಿಯ ತುಂಬ ಕಾರು ನಿಲ್ಲಿಸಿರುತ್ತಿದ್ದರು, ನಡುರಸ್ತೆಗೆ ಇಳಿಯದೆ ಗತಿಯಿರಲಿಲ್ಲ. ಬಸ್ಸುಗಳು ಮೊಣಕೈಗೆ ಗಾಳಿ ತಾಗುವಷ್ಟು ಹತ್ತಿರ ಹೋಗುತ್ತಿದ್ದವು.

"ಇವರಿಗೆ ನಾವು ಕಾಣಲ್ವಾ ಅಪ್ಪ?"

"ಕಂಡಿರ್ತೀವಿ. ಸರಿದುಕೊಳ್ತಾರೆ ಅಂದ್ಕೋತಾರೆ. ನೀನೂ ಹಾಗೇ ಅಂದ್ಕೋತಿದ್ದೆ."

ಒಂದು ತಿರುವಿನಲ್ಲಿ ಕಾರಿನವನೊಬ್ಬ ಹಾರ್ನ್ ಒತ್ತಿ ಹಿಡಿದು ತಲೆ ಹೊರಹಾಕಿದ. "ಏಯ್, ರಸ್ತೆ ನಿಮ್ಮಪ್ಪಂದಾ?"

ಮಗ ತಳ್ಳುಗಾಡಿ ನಿಲ್ಲಿಸಿ ನನ್ನ ಕಡೆ ಕೈ ತೋರಿಸಿದ. "ಅಪ್ಪ ಇಲ್ಲೇ ಇದಾರೆ. ಕೇಳಿ ನೋಡಿ."

"ನಂದಲ್ಲಪ್ಪ," ಎಂದೆ ನಾನು. ಕಾರಿನವನಿಗೂ ನಗು ಬಂತು, ಆದರೂ ಬೈದುಕೊಂಡೇ ಹೋದ. ಅಪಘಾತವಾದ ಮೇಲೆ ಮಗ ನಕ್ಕದ್ದು ಅವತ್ತೇ ಮೊದಲು.

ಮೂರನೆಯ ವಾರ ಕೋರ್ಟಿನ ಕಾಗದ ಬಂತು. ಅಂಚೆ ಹಂಚಲು ಬಂದ ಹೊಸಬ ಅದನ್ನು ಔಷಧಿ ಅಂಗಡಿಗೆ ಕೊಟ್ಟು ಹೋಗಿದ್ದ.

"ಅಂಚೆಯಮ್ಮ ಇದ್ದಿದ್ರೆ ಹೀಗಾಗ್ತಿತ್ತಾ?" ಎಂದಳು ನನ್ನ ಹೆಂಡತಿ. ಹೇಳಿದ ಮೇಲೆ ತಾನೇ ಸೆರಗು ಬಾಯಿಗಿಟ್ಟುಕೊಂಡಳು.

ಆ ವಾರ ನಾನು ಗಟ್ಟಿ ಹತ್ತಿಯ ಒಂದು ಇಳಿಜಾರು ದಿಂಬು ಮಾಡಿದೆ. ಮುರಿದ ಕಾಲನ್ನು ಎತ್ತರದಲ್ಲಿಡಬೇಕೆಂದು ಡಾಕ್ಟರು ಹೇಳಿದ್ದಾರೆಂದು ಕೇಳಿದ್ದೆ. ಗವಸು ಹೊಲಿದುಕೊಟ್ಟವಳು ಸೊಸೆಯೇ. ಅಂಚಿಗೆ ಎರಡೆರಡು ಸಲ ಹೊಲಿಗೆ ಹಾಕಿದ್ದಳು, ಒಳ್ಳೆಯ ಬಟ್ಟೆಯನ್ನೇ ತೆಗೆದಿದ್ದಳು.

"ಕೋರ್ಟಲ್ಲಿ ಅವಳ ತಪ್ಪು, ಮನೇಲಿ ಅವಳ ಕಾಲಿಗೆ ದಿಂಬು," ಎಂದಳು ಗಿಣಿ.

"ಕಾಲು ನೋಯೋದು ನಿಜ ಅಲ್ವೇನೇ? ನನ್ನ ಗಂಡನ ಲೈಸೆನ್ಸ್ ಹೋಗಿರೋದೂ ನಿಜ. ಎರಡಕ್ಕೂ ನಾನೇ ಹೊಲಿಗೆ ಹಾಕ್ಬೇಕು."

ಭಾನುವಾರ ಬೆಳಗ್ಗೆ ನಾನೂ ನನ್ನ ಹೆಂಡತಿಯೂ ದಿಂಬು, ಹಣ್ಣು, ಬೇಯಿಸಿದ ಮೊಟ್ಟೆ ಹಿಡಿದು ಹೋದೆವು. ಅಂಚೆಯಮ್ಮನದು ಎರಡು ಕೋಣೆಯ ಮನೆ, ಒಬ್ಬಳೇ. ಕಿಟಕಿ ಪಕ್ಕದ ಮಂಚದಲ್ಲಿ ಕೂತಿದ್ದಳು. ದಿಂಬನ್ನು ಒತ್ತಿ ನೋಡಿದಳು, ಕಾಲಿನ ಕೆಳಗೆ ಇಡಿಸಿಕೊಂಡಳು, "ಸರಿಯಾಗಿದೆ" ಎಂದಳು. ನನ್ನ ಹೆಂಡತಿ ಮೊಟ್ಟೆ ಸುಲಿಯಲು ಅಡುಗೆ ಕೋಣೆಗೆ ಹೋದಳು.

ಆಗ ಆಕೆ ನನ್ನನ್ನು ನೇರ ನೋಡಿದಳು. "ಹಾಸಿಗೆ ಯಜಮಾನ್ರೆ, ಒಂದು ಕೇಳ್ಲಾ? ನಾನು ನಿಮಗೇನಾದ್ರೂ ಮಾಡಿದ್ನಾ?"

"ಯಾಕಮ್ಮಾ?"

"ನೀವು ನನ್ನನ್ನ ನೋಡಿದ್ರಿ. ಮುಖ ತಿರುಗಿಸಿದಾಗ ನಿಮ್ಮ ಕಣ್ಣು ನನ್ನ ಮೇಲೇ ಇತ್ತು. ಯಜಮಾನ್ರು ನೋಡಿದ್ರು, ಇನ್ನು ಗಾಡಿ ನಿಲ್ಲಿಸ್ತಾರೆ ಅಂತ ನಾನು ಬೆಲ್ ಕೂಡ ಮಾಡ್ಲಿಲ್ಲ. ನೋಡಿಯೂ ಬಾ ಬಾ ಅಂತ ಬಡೀತಾನೇ ಇದ್ರಿ. ಕಾಲು ನೋವಿಗೆ ಮಾತ್ರೆ ಇದೆ. ಇದಕ್ಕೇನಿದೆ ಹೇಳಿ. ಯಾವುದೋ ಕಾಗದ ತಡವಾಗಿ ಕೊಟ್ಟೆನಾ, ಏನಾದ್ರೂ ಕಳೆದುಹಾಕಿದೆನಾ ಅಂತ ಹತ್ತೊಂಬತ್ತು ವರ್ಷಾನೂ ಹುಡುಕಿದೀನಿ."

ಮಗನಿಗೂ ಹೆಂಡತಿಗೂ ಹೇಳದ ಮಾತನ್ನು ಆಕೆಗೆ ಹೇಳಿದೆ. "ಅಮ್ಮಾ, ನನ್ನ ಬಲಗಣ್ಣು ಕಾಣಲ್ಲ. ಎರಡು ವರ್ಷ ಆಯ್ತು."

ಆಕೆ ನಂಬಲಿಲ್ಲ. "ನೇರ ನೋಡಿ, ಕಿಟಕಿ ಕಡೆ. ಈಗ ಎಷ್ಟು ಬೆರಳು?"

"ಕೈ ಎತ್ತಿದೀರಾ?"

ಬಲಕ್ಕೆ ತಿರುಗಿ ನೋಡಿದರೆ ಆಕೆಯ ಕೈ ಇನ್ನೂ ಮೇಲೇ ಇತ್ತು, ಐದೂ ಬೆರಳು ಬಿಚ್ಚಿತ್ತು. ಕಣ್ಣಲ್ಲಿ ನೀರು ಬಂದಿತ್ತು, ಬಾಯಿ ಮಾತ್ರ ಬೈಯುತ್ತಿತ್ತು. "ಕಣ್ಣು ಕಾಣದೋರು ರಸ್ತೆ ಕಾಯೋಕೆ ನಿಲ್ತಾರಾ? ಬುದ್ಧಿ ಬೇಡ್ವಾ ನಿಮಗೆ? ನಿಮ್ಮ ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ?"

"ಬೈಯಿರಿ," ಎಂದೆ.

"ಬೈದೇ ಬೈತೀನಿ. ಇವತ್ತು ರಾತ್ರಿ ನಿದ್ದೆ ಬರುತ್ತೆ, ಅದು ಬೇರೆ ಮಾತು."

ಮನೆಗೆ ಬಂದು ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಾಗ ಹೇಳಿದೆ. ಅನ್ನ ಬಡಿಸುವ ಮೊದಲೇ ಹೇಳಿದೆ, ಆಮೇಲೆ ಆದರೆ ಧೈರ್ಯ ಹೋಗುತ್ತಿತ್ತು. ಕಣ್ಣಿನ ವಿಷಯ, ಬೆಲ್ ಮಾಡದ ಕಾರಣ, ಎರಡನ್ನೂ ಹೇಳಿ, "ವಿಚಾರಣೇಲಿ ಬೆಲ್ ಮಾತು ಎತ್ತಬೇಡಿ. ತಪ್ಪು ನಂದು ಅಂತ ನಾನೇ ಹೇಳ್ತೀನಿ," ಎಂದೆ.

ಯಾರೂ ಬೆಚ್ಚಿಬೀಳಲಿಲ್ಲ. ಅದೇ ನನಗೆ ವಿಚಿತ್ರವೆನಿಸಿತು.

ಮಗ ತಲೆ ತಗ್ಗಿಸಿದ. "ಅಪ್ಪ, ನನಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಹೋದ ವರ್ಷ ಗಾಡಿ ಬಾಗಿಲಿಗೆ ಹಣೆ ಹೊಡ್ಕೊಂಡು, ಬಾಗಿಲು ಯಾರೋ ಸರಿಸಿದ್ರು ಅಂತ ಬೈದೆಯಲ್ಲ. ಅವತ್ತಿಂದ."

"ನನಗೆ ಅದಕ್ಕೂ ಮುಂಚೆ," ಎಂದಳು ಸೊಸೆ. "ದಿನಾ ಬೆಳಗ್ಗೆ ದಬ್ಬಳಕ್ಕೆ ದಾರ ಪೋಣಿಸಿಡೋರು ಯಾರು ಅಂದ್ಕೊಂಡಿದ್ರಿ ಮಾವ? ದೆವ್ವಾನಾ?"

"ನಾನು ನಿನ್ನ ಬಲಗಡೆ ಕೂರೋದೇ ಬಿಟ್ಟಿದೀನಿ ತಾತ."

ಹೆಂಡತಿಯ ಕಡೆ ನೋಡಿದೆ. ಅವಳು ನನ್ನ ನೀರಿನ ಲೋಟದ ಕಡೆ ನೋಡಿದಳು. ಲೋಟ ಎಡಗಡೆಯಿತ್ತು. ಎಷ್ಟು ದಿನದಿಂದ ಎಡಗಡೆ ಇಡುತ್ತಿದ್ದಳೋ.

"ಎಲ್ಲರಿಗೂ ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?" ನನಗೆ ಸಿಟ್ಟು ಬಂತು. ಸಿಟ್ಟು ಯಾರ ಮೇಲೆಂದು ತಿಳಿಯಲಿಲ್ಲ.

"ಹೇಳಿದ್ರೆ ನೀವು ಮೂಲೆ ಹಿಡೀತಿದ್ರಿ," ಎಂದಳು ಹೆಂಡತಿ. "ನಿಮ್ಮಪ್ಪ ಮೂಲೆ ಹಿಡಿದು ನಾಲ್ಕು ತಿಂಗಳು ಉಳೀಲಿಲ್ಲ."

"ದಿನಾ ಬೆಳಗ್ಗೆ ಅಂದ್ಕೋತಿದ್ದೆ, ಇವತ್ತು ಹೇಳ್ತೀನಿ ಅಂತ," ಎಂದ ಮಗ. "ನೀನು ಅಷ್ಟು ಹೊತ್ತಿಗೇ ತಲೆ ಬಾಚಿಕೊಂಡು ಓಣಿ ಬಾಯಲ್ಲಿ ನಿಂತಿರ್ತಿದ್ದೆ. ನಿಧಾನಕ್ಕೆ ಬಿಟ್ರೆ ಏನೂ ಆಗಲ್ಲ ಅಂತ ಬಿಡ್ತಿದ್ದೆ. ಪೊಲೀಸರಿಗೆ ನಾನು ನೋಡ್ಲಿಲ್ಲ ಅಂದದ್ದು ನಿನ್ನ ಉಳಿಸೋಕಷ್ಟೇ ಅಲ್ಲಪ್ಪ. ಅದು ನಿಜ."

ಗಿಣಿ ತಟ್ಟೆಯನ್ನು ಮುಂದೆ ತಳ್ಳಿದಳು. "ನಾವು ನಾಲ್ಕು ಜನ ಸೇರಿ ತಾತನ್ನ ನೋಡ್ಕೊಂಡ್ವಿ. ಅಂಚೆಯಮ್ಮನ್ನ ಯಾರೂ ನೋಡ್ಲಿಲ್ಲ."

ಸೊಸೆ ಎದ್ದು ಅನ್ನ ಬಡಿಸಿದಳು. "ವಕೀಲರಿಗೆ ನಾನೇ ಹೇಳ್ತೀನಿ. ಬೆಲ್ ಬೇಡ ಅಂತ."

ಕಣ್ಣಿನ ಡಾಕ್ಟರ ಹತ್ತಿರ ನನ್ನನ್ನು ಮೆರವಣಿಗೆಯಂತೆ ನಾಲ್ಕೂ ಜನ ಕರೆದುಕೊಂಡು ಹೋದರು. ಬಲಗಣ್ಣಿನ ನರ ಒಣಗಿಹೋಗಿದೆ, ಹೋದದ್ದು ಬರುವುದಿಲ್ಲ, ದಿನಾ ಹನಿ ಬಿಟ್ಟರೆ ಎಡಗಣ್ಣು ಉಳಿಯುತ್ತದೆ ಎಂದರು. ಎರಡು ವರ್ಷ ಮುಂಚೆ ಬಂದಿದ್ದರೆ ಎಂದು ಅವರು ಶುರುಮಾಡಿದಾಗ ನನ್ನ ಹೆಂಡತಿ, "ಅದನ್ನ ನಾನು ಮನೇಲಿ ಹೇಳ್ಕೋತೀನಿ, ನೀವು ಹನಿ ಬರ್ಕೊಡಿ," ಎಂದಳು.

ಏಳನೆಯ ವಾರ ವಿಚಾರಣೆ. ನ್ಯಾಯಾಧೀಶರು ನೆಗಡಿ ಹಿಡಿದಿದ್ದ ಒಬ್ಬ ಹೆಂಗಸು. ಅಂಚೆಯಮ್ಮ ಊರುಗೋಲು ಪಕ್ಕಕ್ಕಿಟ್ಟು ಮುಂದಿನ ಬೆಂಚಿನಲ್ಲಿ ಕೂತಿದ್ದಳು. ನಮ್ಮ ವಕೀಲರು ಕೊನೆಯ ಆಸೆಯೆಂಬಂತೆ ಮಗನ ಕಿವಿಯಲ್ಲಿ "ಬೆಲ್, ಬೆಲ್" ಎಂದರು. ಮಗ ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದ. ಪೊಲೀಸರಿಗೆ ಹಿಂದೆ ಯಾರೂ ಇರಲಿಲ್ಲವೆಂದು ಸುಳ್ಳು ಹೇಳಿದ್ದನ್ನೂ ಬಿಡಲಿಲ್ಲ.

"ತಂದೆಗೆ ಒಂದು ಕಣ್ಣು ಕಾಣಲ್ಲ ಅಂತ ಗೊತ್ತಿದ್ದೂ ಅವರನ್ನ ನಂಬಿ ಗಾಡಿ ಹಿಂದಕ್ಕೆ ಬಿಟ್ರಾ?"

"ಹೌದು ಮೇಡಂ."

"ಯಾಕೆ?"

"ಬೇಡ ಅಂದ್ರೆ ಅಪ್ಪನಿಗೆ ಬೇಜಾರಾಗುತ್ತೆ ಅಂತ."

ಅವರು ಮೂಗು ಒರೆಸಿಕೊಂಡರು. "ನಿಮ್ಮಪ್ಪನಿಗೆ ಬೇಜಾರಾಗದ ಹಾಗೆ ನೋಡ್ಕೊಳ್ಳೋದು ನಿಮ್ಮ ಮನೆ ವಿಷಯ. ರಸ್ತೆ ನಿಮ್ಮ ಮನೆ ಅಲ್ಲ."

ನಾನು ಎದ್ದು ನಿಂತೆ. "ತಾಯೀ, ಬಡಿದದ್ದು ನನ್ನ ಕೈ. ಶಿಕ್ಷೆ ನನಗೆ ಕೊಡಿ."

"ಕೂತ್ಕೊಳ್ಳಿ ಯಜಮಾನ್ರೆ. ಕೈ ನಿಮ್ಮದೇ, ಗೊತ್ತಾಯ್ತು. ಆದರೆ ಸ್ಟೀರಿಂಗ್ ಹಿಡಿದವರಿಗೆ ಕಾಣಲಿಲ್ಲ ಅಂದ್ಮೇಲೆ ಅವರು ನಿಲ್ಲಿಸಬೇಕಿತ್ತು. ಆ ಜವಾಬ್ದಾರಿನ ಇನ್ನೊಬ್ಬರ ಅಂಗೈಗೆ ಕೊಡೋಕೆ ಬರಲ್ಲ."

ಒಂದು ವರ್ಷ ಲೈಸೆನ್ಸ್ ರದ್ದು, ದಂಡ, ಚಿಕಿತ್ಸೆಯ ಖರ್ಚು. ಹೊರಗೆ ಬಂದ ಮೇಲೆ ವಕೀಲರು ಹಣೆ ಬಡಿದುಕೊಂಡರು. "ಗೆಲ್ಲೋ ಕೇಸು ಕಣಮ್ಮ!"

"ಇರ್ಲಿ ಬಿಡಿ ಸಾರ್," ಎಂದಳು ಸೊಸೆ. "ನಿಮ್ಮ ಗವಸು ನಾಡಿದ್ದು ಕೊಡ್ತೀನಿ."

ಆಮೇಲಿನ ದಿನಗಳಲ್ಲಿ ಮನೆ ತಲೆಕೆಳಗಾಯಿತು. ಸೊಸೆ ಡ್ರೈವಿಂಗ್ ಶಾಲೆಗೆ ಸೇರಿದಳು. ಮಗ ಮಷಿನ್ನಿಗೆ ಕೂತು ಮೊದಲ ವಾರ ಒಂದು ಗವಸನ್ನು ಬಾಯಿ ಇಲ್ಲದಂತೆ ನಾಲ್ಕೂ ಕಡೆ ಹೊಲಿದುಬಿಟ್ಟ.

"ಹತ್ತಿ ಎಲ್ಲಿಂದ ತುಂಬ್ಲಿ ರೀ, ಮೂಗಿಂದ್ಲಾ?"

"ಆತುರ ಪಡಬೇಡ, ಇನ್ನೂ ಕಲೀತಿದೀನಿ. ನೀನು ಮೊನ್ನೆ ಬ್ರೇಕ್ ಅಂದ್ಕೊಂಡು ಏನು ಒತ್ತಿದೆ, ಹೇಳ್ಲಾ?"

ಗಿಣಿ ಅಡುಗೆಮನೆಯಲ್ಲಿ ನಿಂತು ಅಮ್ಮನಿಗೆ ನಿಯಮ ಕೇಳುತ್ತಿದ್ದಳು. ತಪ್ಪಿದರೆ ಪಾತ್ರೆ ತೊಳೆಯಬೇಕು. ಎರಡು ವಾರ ನಮ್ಮ ಮನೆಯ ಪಾತ್ರೆಗಳು ಚೆನ್ನಾಗಿ ಹೊಳೆದವು.

ಒಂದು ಸಂಜೆ ಅಂಚೆಯಮ್ಮ ಊರುಗೋಲಿನಲ್ಲಿ ನಡೆದುಕೊಂಡು ಅಂಗಡಿಗೆ ಬಂದಳು. ಓಣಿಯನ್ನು ಉದ್ದಕ್ಕೂ ನೋಡಿದಳು. "ಯಜಮಾನ್ರೆ, ಸಂಜೆ ಖಾಲಿ ಗಾಡಿಯಲ್ಲಿ ಹಿಂದಿನ ಗಾಜಲ್ಲಿ ಎಲ್ಲಾ ಕಾಣುತ್ತಲ್ಲ? ಆಗ ಹಿಂದಕ್ಕೆ ಒಳಗೆ ಹಾಕಿ. ಬೆಳಗ್ಗೆ ತುಂಬಿದ ಗಾಡಿ ಮುಂದಕ್ಕೆ ಹೋಗುತ್ತೆ."

"ಹಾಗೆ ನಿಲ್ಸಿದ್ರೆ ಉಗ್ರಾಣದ ಬಾಗಿಲಿಂದ ಹೊರಬೇಕಾಗುತ್ತೆ. ಒಂದೊಂದು ಹಾಸಿಗೆಗೂ ಹನ್ನೊಂದು ಹೆಜ್ಜೆ ಜಾಸ್ತಿ," ಎಂದ ಮಗ. ಹೇಳಿ ಮುಗಿಯುವಷ್ಟರಲ್ಲಿ ಅವನ ಕಣ್ಣು ಆಕೆಯ ಕಾಲಿನ ಮೇಲೆ ಬಿತ್ತು. "ಹೊರ್ತೀವಿ ಬಿಡಿ," ಎಂದ.

ಇಪ್ಪತ್ತು ವರ್ಷದಲ್ಲಿ ನಮಗ್ಯಾರಿಗೂ ಹೊಳೆಯದಿದ್ದದ್ದು ಅದು. ಆಕೆ ಬಂದದ್ದು ಅದನ್ನು ಹೇಳಲಿಕ್ಕಲ್ಲ. ಕಾಲು ಇನ್ನು ಪೆಡಲ್ ತುಳಿಯುವುದಿಲ್ಲವೆಂದು ಡಾಕ್ಟರು ಬರೆದುಕೊಟ್ಟಿದ್ದರು. ಆಕೆಯ ಅಕ್ಕ ಇರುವ ಊರಿನ ಕಚೇರಿಯಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದರು. ಹೋಗುತ್ತೇನೆಂದು ಹೇಳಲು ಬಂದಿದ್ದಳು.

ಹೊರಡುವ ದಿನ ನಾವು ಐದೂ ಜನ ಆಕೆಯ ಜೊತೆ ಬಸ್ ನಿಲ್ದಾಣಕ್ಕೆ ನಡೆದೆವು. ಅಷ್ಟರಲ್ಲಿ ಲೈಸೆನ್ಸ್ ಪಡೆದಿದ್ದ ಸೊಸೆ ಗಾಡಿಯಲ್ಲಿ ಬಿಡುತ್ತೇನೆಂದು ಅಂದಿದ್ದಳು, ಆಕೆ ಬೇಡವೆಂದಳು. ಬೀದಿಯನ್ನು ಕೊನೆಯ ಸಲ ಕಾಲಲ್ಲೇ ನೋಡಬೇಕಂತೆ. ಊರುಗೋಲಿನ ವೇಗಕ್ಕೆ ಎಲ್ಲರೂ ಹೆಜ್ಜೆ ಹಾಕಿದೆವು. ಮನೆಮನೆಯ ಬಾಗಿಲಲ್ಲೂ ಯಾರಾದರೂ ನಿಂತು ಮಾತಾಡಿಸಿದರು.

ದೊಡ್ಡ ರಸ್ತೆ ದಾಟುವಲ್ಲಿ ಬಿಳಿ ಪಟ್ಟೆಯ ಮೇಲೆ ಕಾಲಿಟ್ಟರೂ ಒಂದು ಕಾರು ವೇಗ ತಗ್ಗಿಸಲಿಲ್ಲ. ಸೊಸೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಕೈಯೆತ್ತಿ ಮುಂದೆ ನಿಂತಳು. ಕಾರು ಕಿರುಚಿ ನಿಂತಿತು.

"ಸ್ವಲ್ಪ ಕಾಯಪ್ಪ," ಎಂದಳು. "ನಾವೂ ಆತುರ ಪಟ್ಟೇ ಇಲ್ಲಿಗೆ ಬಂದಿರೋದು."

ಬಸ್ಸಿನ ಮೆಟ್ಟಿಲ ಹತ್ತಿರ ನಾನು ಕೇಳಿದೆ. "ನಮ್ಮ ಮೇಲೆ ಕೋಪ ಇದೆಯಾ ಅಮ್ಮಾ?"

ಆಕೆ ಯೋಚಿಸಿ ಹೇಳಿದಳು. "ಇದೆ. ಮೆಟ್ಟಿಲು ಹತ್ತುವಾಗ ಬರುತ್ತೆ. ಹತ್ತಿ ಆದ್ಮೇಲೆ ಹೋಗುತ್ತೆ."

ಮಗ ಒಂದು ಕೈ ಆಕೆಯ ಮೊಣಕೈ ಕೆಳಗೆ ಕೊಟ್ಟ. ಆಕೆ ಹತ್ತಿದಳು. ಮೂರು ಮೆಟ್ಟಿಲಿಗೂ ಮೂರು ಸಲ ನಿಂತಳು. ಕಂಡಕ್ಟರು ಸೀಟಿ ಬಾಯಿಗಿಟ್ಟವನು ಊದದೆ ಕಾದ. ಕಿಟಕಿಯಲ್ಲಿ ಕೂತ ಮೇಲೆ ಗಿಣಿಯನ್ನು ಹತ್ತಿರ ಕರೆದಳು. "ಹೊಸಬನಿಗೆ ಬೀದಿ ಇನ್ನೂ ಗೊತ್ತಿಲ್ಲ ಕಣೇ. ಕಾಗದ ತಪ್ಪಿ ಬಂದ್ರೆ ಬೈಬೇಡಿ, ಜೊತೆಗೆ ಹೋಗಿ ಮನೆ ತೋರ್ಸಿ."

ಅಂಚೆಯಮ್ಮ ಹೋದದ್ದು ಒಂದು ಶುಕ್ರವಾರ, ಹನ್ನೊಂದೂಕಾಲರ ಬಸ್ಸಿಗೆ.